ಅಕ್ಕನ ಸಹಿ

೧೧ ಮಾರ್ಚ್ ೨೦೦೭, ಹಗರಿಬೊಮ್ಮನಹಳ್ಳಿ

ಕಮಾಲಸಾಬರ ಮನೆಯನ್ನು ಇವತ್ತು ಒಳಹೊಕ್ಕು ನೋಡಿದೆ. ಸ್ಟೇಷನ್ ರಸ್ತೆಯಿಂದ ಒಳಗೆ ಎರಡನೇ ಓಣಿ. ಮುಂದೊಂದು ದೊಡ್ಡ ಕೋಣೆ, ಪಡಸಾಲೆ, ಅಡುಗೆಮನೆ. ಹಿಂದಿನ ಅಂಗಳದ ಉದ್ದಕ್ಕೂ ಬಾಡಿಗೆಯ ನಾಲ್ಕು ಖೋಲಿಗಳು. ಕಮಾಲಸಾಬರು ವೆಲ್ಡಿಂಗ್ ಅಂಗಡಿ ಮುಚ್ಚಿ ಮಗನ ಜೊತೆ ಇರಲು ಹೊಸಪೇಟೆಗೆ ಹೋಗುತ್ತಿದ್ದಾರೆ. ಅದಕ್ಕೇ ಮಾರುತ್ತಿದ್ದಾರೆ.

ದಲ್ಲಾಳಿ ಗಾದೆಪ್ಪ ಅಂಗಳದ ನಡುವೆ ನಿಂತು ಹೇಳಿದ. "ಅದಿರಿನ ಲಾರಿ ಹಗಲು ರಾತ್ರಿ ಹರಿಯಾಕ ಹತ್ಯಾವ್ರಿ ಸರ್. ಆ ಕಂಪನಿ ಹುಡುಗರಿಗೆ ಊರಾಗ ಒಂದು ಖೋಲಿ ಸಿಗವಲ್ದು. ಇತ್ತಾಗ ಬಾಡಿಗಿ ಬರ್ತೈತಿ, ಅತ್ತಾಗ ಬ್ಯಾಂಕಿನ ಕಂತು ಹೋಗ್ತೈತಿ. ನಿಮ್ಮ ಕಿಸೆಗೆ ಕೈ ಹಾಕೋ ಕೆಲಸ ಇಲ್ಲ."

ನನಗೆ ಅಲ್ಲಿ ನೆನಪಾದದ್ದು ಅಕ್ಕ. ಅಪ್ಪ ಅವ್ವ ಹೋದಾಗ ನಾನಿನ್ನೂ ಹೈಸ್ಕೂಲಿಗೆ ಕಾಲಿಟ್ಟಿರಲಿಲ್ಲ. ಹಂಪಕ್ಕ ಆಗಷ್ಟೇ ಹಿರೇಹಡಗಲಿಯ ಶಾಲೆಗೆ ಶಿಕ್ಷಕಿಯಾಗಿ ಸೇರಿದ್ದಳು. ನನ್ನನ್ನು ಓದಿಸಿದಳು, ದಾವಣಗೆರೆಗೆ ಇಂಜಿನಿಯರಿಂಗ್‌ಗೆ ಕಳಿಸಿದಳು, ಓದಿನ ಸಾಲಕ್ಕೆ ತಾನೇ ಜಾಮೀನು ನಿಂತಳು. ತನ್ನ ಮದುವೆಯನ್ನು ಇವತ್ತು ನಾಳೆ ಎಂದು ಮುಂದೆ ಹಾಕುತ್ತ ಮೂವತ್ತೇಳಕ್ಕೆ ಬಂದಿದ್ದಾಳೆ. ಈಗಲೂ ಇರುವುದು ಯಾರದೋ ಬಾಡಿಗೆ ಮನೆಯಲ್ಲಿ. ಈ ಮನೆ ಕೈಗೆ ಬಂದರೆ ಮುಂದಿನ ಕೋಣೆ ಅವಳದು. ರಜೆಗೆ ಬಂದು ಹಾಯಾಗಿ ಇರಲಿ. ಆಮೇಲೆ ಇಲ್ಲೇ ನೆಲೆಸಲಿ.

೧೯ ಮಾರ್ಚ್

ಬ್ಯಾಂಕಿನ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಕೂತಿದ್ದೆ. ನನಗಿಂತ ತಡವಾಗಿ ಬಂದವರು ಒಳಗೆ ಹೋಗಿ ನಗುತ್ತ ಹೊರಗೆ ಬಂದರು. ಕೊನೆಗೆ ಕರೆದಾಗ ಮ್ಯಾನೇಜರು ಸಂಬಳದ ಚೀಟಿ ಕೇಳಿದರು. ನಾನು ಪಾಠ ಮಾಡುವ ಖಾಸಗಿ ಐ.ಟಿ.ಐ.ಯಲ್ಲಿ ಸಂಬಳವನ್ನು ಲಕೋಟೆಯಲ್ಲಿಟ್ಟು ಕೊಡುತ್ತಾರೆ, ಚೀಟಿ ಕೊಡುವುದಿಲ್ಲ ಎಂದೆ. ಅವರು ಕಂಪ್ಯೂಟರ್ ನೋಡಿದರು.

"ಓದಿನ ಸಾಲದ್ದೇ ಕಂತು ಬಾಕಿ ಐತಲ್ರಿ." ಹೊರಗಿನ ಬೆಂಚಿಗೂ ಕೇಳಿಸಿರಬೇಕು. "ಒಂದು ಸಾಲ ಕುಂಟಾಕ ಹತ್ತೈತಿ, ಅದರ ಮ್ಯಾಲೆ ಇನ್ನೊಂದು ಹೆಂಗ ಹೊರಸೋದು? ಮನ್ಯಾಗ ಯಾರರ ಸರಕಾರಿ ನೌಕರಿಯೋರು ಅದಾರೇನು? ಅವರು ಜೊತಿಗೆ ಸಹಿ ಮಾಡಿದ್ರ ನೋಡೋಣು."

ಅಕ್ಕ ಇದ್ದಾಳೆ ಎಂಬುದು ಬಾಯಿಗೆ ಬಂತು. ನುಂಗಿಕೊಂಡೆ. ಅವಳು ನನಗಾಗಿ ಒಮ್ಮೆ ಸಹಿ ಮಾಡಿದ್ದೇ ಸಾಕು. ಈ ಮನೆ ನಮಗಲ್ಲ ಎಂದುಕೊಳ್ಳುತ್ತ ರೂಮಿಗೆ ಬಂದೆ.

೨೫ ಮಾರ್ಚ್, ಹಿರೇಹಡಗಲಿ

ಕೇಳಿದೆ.

ಅಕ್ಕ ರೊಟ್ಟಿ ತಟ್ಟುತ್ತಿದ್ದಳು. ನಾನು ಹೇಳಿ ಮುಗಿಸುವವರೆಗೂ ಕೈ ನಿಲ್ಲಿಸಲಿಲ್ಲ.

"ಲೇ ಮೌನಾ, ಇದ್ದ ಸಾಲನ ತೀರಿಲ್ಲಲ್ಲೋ."

"ಅದು ಓದಿದ ಸಾಲ ಅಕ್ಕಾ. ತಿಂದು ಮುಗದದ್ದು. ಇದು ದುಡಿಯೋ ಸಾಲ. ಬಾಡಿಗಿ ಬರ್ತೈತಿ, ಅದರಾಗ ಎರಡೂ ತೀರತಾವ."

"ಎಷ್ಟು ವರ್ಸಕ್ಕ ಹಾಕ್ತಾರ?"

"ಹದಿನೈದು."

"ಅಷ್ಟೊತ್ತಿಗೆ ನನ್ನ ತಲಿ ಎಲ್ಲಾ ಬೆಳ್ಳಗ ಆಗಿರ್ತೈತಿ." ನಕ್ಕಳು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ಮದ್ಲು ಓದಿನ ಸಾಲದ ಬಾಕಿ ಕಟ್ಟು. ಚೀಟಿ ದುಡ್ಡು ಬಂದೈತಿ, ಒಯ್ಯಿ. ಬಾಕಿ ಇಟಗೊಂಡು ಬ್ಯಾಂಕಿನೋರ ಮುಂದ ಕೈ ಚಾಚಬಾರದು" ಅಂದಳು.

ಮುಂದಿನ ಕೋಣೆಯ ವಿಷಯ ಹೇಳಿದೆ. ಕಿಟಕಿ ಯಾವ ಕಡೆಗಿದೆ ಎಂದು ಕೇಳಿದಳು. ಪೂರ್ವಕ್ಕೆ ಎಂದೆ. ಅದು ದಕ್ಷಿಣಕ್ಕೋ ಏನೋ, ನಾನು ಸರಿಯಾಗಿ ನೋಡಿರಲಿಲ್ಲ. ಊಟ ಮಾಡುವಾಗ ನನ್ನ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿ ಎಂದು ಸುಳ್ಳು ಹೇಳಿದೆ.

೧೨ ಏಪ್ರಿಲ್

ಬಾಕಿ ಕಟ್ಟಿ, ಅಕ್ಕನ ಸಂಬಳದ ಪತ್ರ ಸೇರಿಸಿ ಅರ್ಜಿ ಕೊಟ್ಟೆ. ಬಾಡಿಗೆಗೆ ಕೊಡಲು ಎಂದು ಬರೆದರೆ ಬಡ್ಡಿ ಹೆಚ್ಚು, ಸ್ವಂತ ವಾಸಕ್ಕೆ ಎಂದು ಬರೆಯಿರಿ ಎಂದ ಗಾದೆಪ್ಪ. ಬರೆದೆ. ಅಕ್ಕನಿಗೊಂದು ಕೋಣೆ ಇದ್ದೇ ಇರುತ್ತದಲ್ಲ, ಅಷ್ಟರಮಟ್ಟಿಗೆ ನಿಜವೇ.

ಮ್ಯಾನೇಜರು ಈ ಸಲ ಕುರ್ಚಿ ತೋರಿಸಿದರು.

೬ ಮೇ

ಅಕ್ಕನಿಗೆ ಗಂಡು ಬಂದಿದೆ.

ಫೋನಿನಲ್ಲಿ ಹೇಳುವಾಗ ಪಕ್ಕದಲ್ಲಿ ಯಾರೋ ಇದ್ದಾರೆಂಬಂತೆ ದನಿ ತಗ್ಗಿಸಿದ್ದಳು. ಅವಳ ಶಾಲೆಯ ಹೆಡ್‌ಮಿಸ್ಸು ಗೀತಮ್ಮನವರ ಕಡೆಯ ಸಂಬಂಧ. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಲ್ಲಿ ಮೇಷ್ಟ್ರು, ಮರುಳಪ್ಪ ಎಂದು ಹೆಸರು. ಹೆಂಡತಿ ತೀರಿಹೋಗಿ ಮೂರು ವರ್ಷ, ಒಬ್ಬಳು ಮಗಳು. ಗೀತಮ್ಮನವರ ಮನೆಯಲ್ಲಿ ಇಬ್ಬರೂ ಕೂತು ಮಾತಾಡಿದ್ದಾರೆ.

"ಹೆಂಗ ಅದಾರ?" ಎಂದು ಕೇಳಿದೆ.

"ಕಡಿಮಿ ಮಾತು. ನನ್ನ ಮಾತು ಮುಗಿಯೋತನಕ ಕೇಳತಾರ," ಅಂದಳು. ಆಮೇಲೆ, "ನೀ ಒಮ್ಮೆ ನೋಡು. ನಿನಗ ಹೂಂ ಅನಿಸಿದ್ರ ಆತು."

ತುಂಬ ಸಂತೋಷವಾಯಿತು. ನಾನೇ ಓಡಾಡಿ ಮಾಡಬೇಕು ಈ ಮದುವೆ.

೧೪ ಮೇ

ಗಾದೆಪ್ಪ ಹೋಟೆಲಿನಲ್ಲಿ ಸಿಕ್ಕಿದ್ದ. ಸಂತೋಷದಲ್ಲಿ ಅವನಿಗೂ ಹೇಳಿದೆ. ಅವನು ಚಹಾ ಲೋಟವನ್ನು ಕೆಳಗಿಟ್ಟ.

"ಸಾಲ ಮಂಜೂರಾಗೋಕಿಂತ ಮದ್ಲನ ಲಗ್ನ ಏನ್ರಿ? ನಾಳೆ ಅವರ ಯಜಮಾನ್ರು ಬಂದು ನನ್ನ ಹೆಂತಿ ಸಂಬಳ ನಿನ್ನ ಖೋಲಿಗೆ ಯಾಕ ಅಂದ್ರ? ಕಮಾಲಸಾಬ್ರಿಗೆ ಮುಂಗಡ ಕೊಟ್ಟೀರಿ. ಅದನ್ನು ವಾಪಸ್ ಕೇಳಾಕ ಬರೂದಿಲ್ಲ ನೋಡ್ರಿ."

ನಾನು ಹಾಗೆಲ್ಲ ಯೋಚಿಸಿರಲಿಲ್ಲ. ಯೋಚಿಸಿದರೆ, ಅವನು ಹೇಳುವುದರಲ್ಲಿ ತಪ್ಪೇನಿದೆ ಅನ್ನಿಸುತ್ತದೆ. ಅಕ್ಕ ಇಷ್ಟು ವರ್ಷ ತಡೆದಿದ್ದಾಳೆ. ಮಳೆಗಾಲ ಕಳೆಯಲಿ, ಆಮೇಲೆ ಮಾಡಿದರಾಯಿತು.

೨೦ ಮೇ

ಅರಸೀಕೆರೆಗೆ ಹೋಗಿ ಬಂದೆ. ಅಕ್ಕನಿಗೆ ತಿಳಿಸಲಿಲ್ಲ. ತಿಳಿಸಿದರೆ ಅದು ತರಬೇಕು, ಇದು ಒಯ್ಯಬೇಕು ಎಂದು ತಲೆ ತಿನ್ನುತ್ತಾಳೆ. ಹರಪನಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ಬಿಸಿಲು ನೆತ್ತಿ ಸುಡುತ್ತಿತ್ತು.

ಮರುಳಪ್ಪನವರು ಒಳ್ಳೆಯವರು. ಅದನ್ನು ಬರೆಯಲೇಬೇಕು. ಮಗಳ ಜಡೆ ಹಾಕುತ್ತಿದ್ದವರು ನನ್ನನ್ನು ನೋಡಿ ಅರ್ಧಕ್ಕೆ ಬಿಡದೆ ಪೂರ್ತಿ ಹಾಕಿ, ಆಮೇಲೆ ಎದ್ದು ಬಂದರು. ತಾವೇ ಚಹಾ ಮಾಡಿದರು. ನಾನು ಸುತ್ತು ಬಳಸದೆ ಹೇಳಿದೆ. ಮೊದಲೇ ಎಲ್ಲ ತಿಳಿದಿರಲಿ ಎಂಬುದು ನನ್ನ ಉದ್ದೇಶ. ಓದಿನ ಸಾಲಕ್ಕೆ ಅಕ್ಕನದೇ ಜಾಮೀನು, ಈಗ ಮನೆ ಸಾಲಕ್ಕೂ ಅವಳ ಸಹಿ, ಮುಂದೆ ಹದಿನೈದು ವರ್ಷ ಅವಳ ಸಂಬಳ ಇದಕ್ಕೆ ಕಟ್ಟುಬಿದ್ದಿದೆ ಎಂದೆ. ಅಷ್ಟು ಕೇಳಿ ಅವರೇ ಹಿಂದೆ ಸರಿಯುತ್ತಾರೆ ಎಂದುಕೊಂಡಿದ್ದೆ.

"ಸಾಲ ಇಲ್ದೋರು ಯಾರಿದಾರಪ್ಪ," ಅಂದರು. "ಅವರ ದುಡಿಮೆ ಅವರಿಷ್ಟ. ನಂದೂ ಸಂಬಳ ಬರುತ್ತೆ, ಮನೆ ನಡೀತೈತೆ. ಆ ಮಾತು ಬಿಡು."

ಚಹಾ ತಣ್ಣಗಾಗಿತ್ತು. "ಅದು ಅಷ್ಟ ಅಲ್ರಿ," ಎಂದೆ. "ಅಕ್ಕಗೆ ಖರೇ ಅಂದ್ರ ಅಷ್ಟು ಮನಸ್ಸಿಲ್ಲ. ಗೀತಮ್ಮ ಮೇಡಂ ದೊಡ್ಡೋರು, ಅವರ ಮಾತು ತೆಗಿಬಾರದು ಅಂತ ಹೂಂ ಅಂದಾಳ."

ಅವರು ಚಹಾ ಲೋಟಗಳನ್ನು ಎತ್ತಿ ಬದಿಗಿಟ್ಟರು. ಆಮೇಲೆ ಹೇಳಿದರು. "ಹೇಳಿದ್ದು ಒಳ್ಳೇದಾತು. ಮನಸ್ಸಿಲ್ದೋರ್ನ ಕರ್ಕೊಂಡು ಬರಬಾರ್ದು. ನಾನಾಗೇ ಸುಮ್ಮನಾಗ್ತೀನಿ, ಅವರಿಗೆ ಮುಜುಗರ ಆಗೋದು ಬ್ಯಾಡ."

ಬಸ್‌ಸ್ಟ್ಯಾಂಡಿನವರೆಗೂ ಬಂದು ಕಳಿಸಿದರು. ಹಾಗೆ ನೋಡಿದರೆ ನಾನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಅಕ್ಕನೇ "ನಿನಗ ಹೂಂ ಅನಿಸಿದ್ರ" ಅಂದಿದ್ದಳು. ನನ್ನ ಮೇಲೆ ಬಿಟ್ಟಿದ್ದಾಳೆಂದರೆ ಅವಳಿಗೆ ಅಂಥ ಆಸೆಯೇನೂ ಇರಲಿಲ್ಲ ಎಂದೇ ಅರ್ಥ.

೧೦ ಜೂನ್

ಅಕ್ಕ ಬಂದಿದ್ದಳು. ಹೊಸದೊಂದು ಸೀರೆ ತೆಗೆದುಕೊಂಡಿದ್ದಾಳೆ, ತಿಳಿ ಹಸಿರು. "ಅವರು ಯಾಕೋ ಸುಮ್ಮನಾಗಿಬಿಟ್ಟರಲ್ಲೋ. ಗೀತಮ್ಮೋರಿಗೂ ಸರಿಯಾಗಿ ಏನೂ ಹೇಳವಲ್ರು" ಎಂದಳು.

"ಬಿಡಕ್ಕಾ, ಇಂಥವು ನೂರು ಬರ್ತಾವ."

"ಹೂಂ," ಅಂದಳು.

ಸಾಲ ಮಂಜೂರಾಗಿದೆ.

೨೧ ಜೂನ್

ನೋಂದಣಿ ಆಯಿತು. ಅಕ್ಕ ರಜೆ ಹಾಕಿ ಬಂದಿದ್ದಳು, ಅದೇ ಹಸಿರು ಸೀರೆ. ಅಧಿಕಾರಿ ತೋರಿಸಿದ ಕಡೆಯಲ್ಲೆಲ್ಲ ಸಹಿ ಮಾಡಿದಳು. ಶಾಲೆಯ ಹಾಜರಿ ಪುಸ್ತಕದಲ್ಲಿ ಮಾಡುವಂತೆ, ದುಂಡಗೆ.

ಕಮಾಲಸಾಬರು ಮನೆಯನ್ನು ತೊಳೆಸಿಟ್ಟಿದ್ದರು. ಅವರ ಹೆಂಡತಿ ಜಾನಬಿ ಅಕ್ಕನನ್ನು ಕೈ ಹಿಡಿದು ಮುಂದಿನ ಕೋಣೆಗೆ ಕರೆದುಕೊಂಡು ಹೋದರು. "ನಾ ಈ ಮನಿಗೆ ಬಂದಾಗಿಂದ ಇಲ್ಲೇ ಮಲಗೀನಿ ನೋಡವ್ವ. ಬ್ಯಾಸಗ್ಯಾಗೂ ಗಾಳಿ ಬರ್ತೈತಿ" ಎಂದು ಹೇಳಿ, ತಿರುಗಿ ನಿಂತು ಅತ್ತರು. ಅಕ್ಕನೂ ಅತ್ತಳು. ಈ ಹೆಂಗಸರು ಸಂತೋಷದ ದಿನವೂ ಅಳುತ್ತಾರೆ. ನನ್ನ ಕಾಲು ಮಾತ್ರ ನೆಲಕ್ಕೆ ಹತ್ತುತ್ತಿರಲಿಲ್ಲ. ಇಪ್ಪತ್ತಾರನೇ ವಯಸ್ಸಿಗೆ ಸ್ವಂತ ಮನೆ, ನಾಲ್ಕು ಬಾಡಿಗೆ.

೧೯ ಆಗಸ್ಟ್

ನಾನು ಪಡಸಾಲೆಗೆ ಬಂದು ನೆಲೆಸಿದ್ದೇನೆ, ನಾಲ್ಕೂ ಖೋಲಿ ತುಂಬಿವೆ. ಮುಂದಿನ ಕೋಣೆಯನ್ನು ಒಂದು ಟ್ರಾನ್ಸ್‌ಪೋರ್ಟಿನವರು ಆಫೀಸಿಗೆ ಕೇಳಿದರು, ಖೋಲಿಯ ಮೂರುಪಟ್ಟು ಬಾಡಿಗೆ, ಕೈತುಂಬ ಮುಂಗಡ. ಅಕ್ಕ ವರ್ಷಕ್ಕೆ ಎಷ್ಟು ದಿನ ಬಂದಾಳು? ಸುಮ್ಮನೆ ಬೀಗ ಹಾಕಿಡುವುದು ದಡ್ಡತನ. ಫೋನು ಮಾಡಿ ಹೇಳಿದೆ. "ಆಗಲಿ" ಎಂದಳು.

ಮುಂಗಡದ ಹಣವನ್ನು ಓದಿನ ಸಾಲಕ್ಕೆ ಕಟ್ಟೋಣವೆಂದಿದ್ದೆ. ಗಾದೆಪ್ಪ ಕೊಟ್ಟೂರಿನಲ್ಲೊಂದು ಸೈಟು ತೋರಿಸಿದ. ಹರಿಹರದ ರೈಲು ಮಾರ್ಗ ಮುಗಿದರೆ ಅಲ್ಲಿ ಬೆಲೆ ಹಿಡಿಯುವುದು ಕಷ್ಟ. ಓದಿನ ಸಾಲ ಎಲ್ಲಿಗೂ ಓಡಿಹೋಗುವುದಿಲ್ಲ. ಸೈಟು ಓಡಿಹೋಗುತ್ತದೆ.

೨೬ ಡಿಸೆಂಬರ್

ಮರುಳಪ್ಪನವರಿಗೆ ಕೂಡ್ಲಿಗಿ ಕಡೆಯ ಹೆಣ್ಣಿನ ಜೊತೆ ಮದುವೆಯಾಯಿತಂತೆ. ಒಳ್ಳೆಯದಾಯಿತು, ಆ ಮಗುವಿಗೂ ಒಬ್ಬ ತಾಯಿ ಬೇಕಿತ್ತು.

ಟ್ರಾನ್ಸ್‌ಪೋರ್ಟಿನವರು ಗೋಡೆಗೆ ದೊಡ್ಡ ಬೋರ್ಡು ಹಾಕಿದ್ದಾರೆ. ಅದಕ್ಕೂ ಬಾಡಿಗೆ ಕೇಳಬೇಕು.

೨೭ ಏಪ್ರಿಲ್ ೨೦೦೮

ಅಕ್ಕ ಹೇಳದೆ ಕೇಳದೆ ಬಂದಳು. ಟ್ರಾನ್ಸ್‌ಪೋರ್ಟಿನ ಹುಡುಗರು ಯಾರು ಬೇಕು ಎಂದು ಕೇಳಿ, ಹಿಂದಿನ ಬಾಗಿಲಿನಿಂದ ಕಳಿಸಿದರು.

ನಿನ್ನೆ ಹಡಗಲಿಯಲ್ಲಿ ಗೀತಮ್ಮನವರ ಮಗಳ ಮದುವೆ. ಮರುಳಪ್ಪನವರು ಹೆಂಡತಿಯ ಸಮೇತ ಬಂದಿದ್ದರಂತೆ. ಅವರಾಗಿಯೇ ಅಕ್ಕನ ಹತ್ತಿರ ಬಂದು, ಅಂದು ತಮ್ಮ ಕಡೆಯಿಂದ ತೊಂದರೆಯಾಗಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ನಿಮಗೆ ಇಷ್ಟವಿಲ್ಲವೆಂದು ನಿಮ್ಮ ತಮ್ಮ ಮುಂಚೆಯೇ ಹೇಳಿ ಉಪಕಾರ ಮಾಡಿದರು ಎಂದರಂತೆ. ಎಂಥ ಮನುಷ್ಯ. ಮುಗಿದುಹೋದದ್ದನ್ನು ಯಾಕೆ ತೆಗೆಯಬೇಕಿತ್ತು?

ಅಕ್ಕ ಅಡುಗೆಮನೆಯ ಹೊಸ್ತಿಲಲ್ಲೇ ನಿಂತಿದ್ದಳು. ಚಾಪೆ ಹಾಸಿದರೂ ಕೂರಲಿಲ್ಲ.

"ಸಾಲ ಐತಿ ಅಂತ ಹೇಳಿದ್ದು ಖರೇ. ಅದಕ್ಕ ನಾ ಏನೂ ಅನ್ನಂಗಿಲ್ಲ. ಮನಸ್ಸಿಲ್ಲ ಅಂತ ಯಾಕ ಹೇಳಿದಿ?"

"ಮದ್ಲು ಸಾಲದ ಮಾತ ಹೇಳಿದೆ ಅಕ್ಕಾ. ಅವರು ಅದಕ್ಕ..."

"ಅದಕ್ಕ ಅವರು ಹೂಂ ಅಂದ್ರು."

ನಾನು ಚಾಪೆಯ ಅಂಚು ಸರಿಮಾಡಿದೆ.

"ನನ್ನ ಮನಸ್ಸಿನಾಗ ಏನಿತ್ತು ಅಂತ ನಿನಗ ಗೊತ್ತಿತ್ತು ಮೌನಾ. ಫೋನಿನ್ಯಾಗ ನಾ ನಿನಗ ಹೇಳಿದ್ದೆ. ಇನ್ನ ಯಾರಿಗೂ ಹೇಳಿದ್ದಿಲ್ಲ."

ನಿನ್ನ ಒಳ್ಳೆಯದಕ್ಕೇ ಎಂದು ಶುರು ಮಾಡಿದೆ, ಈ ಮನೆ ನಿನ್ನದೂ ಹೌದು ಎಂದೆ. ಅವಳು ಸುತ್ತ ಒಮ್ಮೆ ನೋಡಿದಳು. ಅಂಗಳದಲ್ಲಿ ಲಾರಿಯ ಟಯರುಗಳನ್ನು ಒಟ್ಟಿದ್ದರು. ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡಳು. ಊಟ ಮಾಡಿ ಹೋಗು ಎಂದೆ.

"ಬಸ್ಸೈತಿ," ಅಂದಳು. "ಸಹಿ ಮಾಡೀನಿ. ಕಂತು ಕಮ್ಮಿ ಬಿದ್ದ ತಿಂಗಳ ಹೇಳಿ ಕಳಸು, ಕಟ್ಟತೀನಿ. ನೀ ಬರಬ್ಯಾಡ."

ಸಾಲದಿಂದ ತನ್ನ ಹೆಸರು ತೆಗೆಸು ಎಂದು ಎಲ್ಲಿ ಕೇಳುತ್ತಾಳೋ ಎಂದುಕೊಂಡಿದ್ದೆ. ಆ ಮಾತು ಬರಲಿಲ್ಲ. ಸಿಟ್ಟು ಇಳಿದರೆ ಎಲ್ಲ ಸರಿಹೋಗುತ್ತದೆ.

೯ ನವೆಂಬರ್

ಲಾರಿಗಳು ನಿಂತಿವೆ. ಹೊರದೇಶದಲ್ಲಿ ಅದಿರಿನ ಬೆಲೆ ಬಿದ್ದಿದೆಯಂತೆ. ಟ್ರಾನ್ಸ್‌ಪೋರ್ಟಿನವರು ಬೋರ್ಡು ಬಿಚ್ಚಿಕೊಂಡು ಹೋದರು, ಮುಂಗಡ ವಾಪಸು ಕೇಳುತ್ತಿದ್ದಾರೆ. ಅದು ಕೊಟ್ಟೂರಿನ ಮಣ್ಣಲ್ಲಿದೆ.

೨೩ ನವೆಂಬರ್

ಮೂರು ಖೋಲಿ ಖಾಲಿ. ನಾಲ್ಕನೆಯದರಲ್ಲಿ ಲಾರಿ ಡ್ರೈವರ್ ಹುಲುಗಣ್ಣ ಮತ್ತು ಅವನ ಹೆಂಡತಿ ಭರಮಮ್ಮ ಇದ್ದಾರೆ. ಅವಳು ದಿನ ತುಂಬಿದ ಬಸುರಿ. ಹುಲುಗಣ್ಣ ಬೆಳಿಗ್ಗೆಯೇ ಬಂದು ಕಟ್ಟೆಯ ಮೇಲೆ ಕೂತಿದ್ದ. ನಾನು ಸ್ನಾನ ಮುಗಿಸಿ, ಪೇಪರು ಓದಿ, ಆಮೇಲೆ ಹೊರಗೆ ಬಂದೆ. ಕಾದು ಕೂತಿದ್ದರೆ ಕೇಳುವವನ ಮಾತು ಮೆತ್ತಗಾಗುತ್ತದೆ.

"ಹೆರಿಗಿ ಆಗೋತನಕ ತಡ್ಕೊರ್ರಿ ಸಾಹೇಬ್ರ. ಗಾಡಿ ಚಾಲೂ ಆದ್ರ ಬಾಕಿ ಬಾಡಿಗಿ ಬಡ್ಡಿ ಸುದ್ದ ಕೊಡ್ತೀನಿ."

"ನನಗ ಬ್ಯಾಂಕಿನೋರು ತಡ್ಕೊಂತಾರೇನಪ್ಪ?" ಎಂದೆ. ವಾರದ ಗಡುವು ಕೊಟ್ಟೆ. ಯಾರಿಗೆ ಬೇಕಾದರೂ ಅದು ನ್ಯಾಯವಾಗಿಯೇ ಕಾಣುತ್ತದೆ.

೧ ಡಿಸೆಂಬರ್

ಹುಲುಗಣ್ಣ ಖಾಲಿ ಮಾಡಿದ. ಪಾತ್ರೆಪಗಡೆ ಟಾಂಟಾಂ ಗಾಡಿಗೆ ಹೇರಿ, ಅವುಗಳ ನಡುವೆ ಭರಮಮ್ಮನನ್ನು ಕೂರಿಸಿಕೊಂಡು ಹೋದ. ಖೋಲಿಯ ಬಲ್ಬನ್ನೂ ಬಿಚ್ಚಿಕೊಂಡು ಹೋಗಿದ್ದಾನೆ. ಈ ಜನಕ್ಕೆ ಉಪಕಾರವೇ ತಿಳಿಯುವುದಿಲ್ಲ.

೧೮ ಜನವರಿ ೨೦೦೯

ಓದಿನ ಸಾಲದ ನೋಟೀಸು ನನಗೆ ಬಂದಿತ್ತು, ಉತ್ತರ ಕೊಟ್ಟಿರಲಿಲ್ಲ. ಈಗ ಜಾಮೀನುದಾರರಿಗೆ ಹೋಗಿದೆ. ಗೀತಮ್ಮನವರು ಫೋನು ಮಾಡಿದ್ದರು. ಈ ತಿಂಗಳಿನಿಂದ ಅಕ್ಕನ ಸಂಬಳದಲ್ಲೇ ಹಿಡಿಯುತ್ತಿದ್ದಾರಂತೆ. ಮನೆ ಸಾಲದ ಕಂತೂ ನಾಲ್ಕು ತಿಂಗಳಿಂದ ಅವಳೇ ಕಟ್ಟುತ್ತಿದ್ದಾಳೆ. ಬಾಡಿಗೆ ಮನೆ ಬಿಟ್ಟು, ಯಾರದೋ ಮನೆಯ ಹಿಂದಿನ ಒಂದೇ ಕೋಣೆಗೆ ಹೋಗಿದ್ದಾಳೆ ಎಂದರು.

"ನೀನು ಒಮ್ಮೆ ಬಂದು ಮಾತಾಡ್ಸಪ್ಪ. ಅವರು ಬಾಯಿ ಬಿಟ್ಟು ಏನೂ ಅನ್ನಂಗಿಲ್ಲ. ಸ್ಟಾಫ್ ರೂಮಿನ್ಯಾಗ ಒಬ್ಬರ ಕುಂತಿರ್ತಾರ."

ಬರುತ್ತೇನೆ ಎಂದೆ. ಕೊಟ್ಟೂರಿನ ಸೈಟಿಗೆ ಗಿರಾಕಿ ಇಲ್ಲ. ಗಾದೆಪ್ಪ ಫೋನು ಎತ್ತುತ್ತಿಲ್ಲ.

೨೨ ಫೆಬ್ರವರಿ

ಮನೆಗೆ ಒಬ್ಬ ಗಿರಾಕಿ ಸಿಕ್ಕಿದ್ದಾನೆ. ನಾವು ಕೊಟ್ಟದ್ದಕ್ಕಿಂತ ಕಡಿಮೆಗೆ ಕೇಳುತ್ತಿದ್ದಾನೆ. ಬೇರೆ ದಾರಿಯಿಲ್ಲ. ಮನೆ ಸಾಲ ತೀರಿ, ಟ್ರಾನ್ಸ್‌ಪೋರ್ಟಿನವರ ಮುಂಗಡ ಕೊಟ್ಟರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಓದಿನ ಸಾಲ ಹಾಗೇ ಇರುತ್ತದೆ. ಅದು ಅಕ್ಕನ ಸಂಬಳದಲ್ಲಿ ಹೋಗುತ್ತಿರುವುದರಿಂದ ಸದ್ಯಕ್ಕೆ ಚಿಂತೆಯಿಲ್ಲ.

ಮನೆ ಇಬ್ಬರ ಹೆಸರಿಗಿದೆ, ಕರಾರು ಪತ್ರಕ್ಕೆ ಇಬ್ಬರ ಸಹಿಯೂ ಬೇಕು.

೨೬ ಫೆಬ್ರವರಿ

ಹಿರೇಹಡಗಲಿಗೆ ಹೋಗಿದ್ದೆ. ಮನೆ ಎಲ್ಲಿದೆಯೋ ಗೊತ್ತಿಲ್ಲದ್ದರಿಂದ ನೇರ ಶಾಲೆಗೇ ಹೋದೆ. ಮಧ್ಯಾಹ್ನದ ಊಟದ ಹೊತ್ತು. ಮಕ್ಕಳು ವರಾಂಡದಲ್ಲಿ ಸಾಲಾಗಿ ಕೂತಿದ್ದರು. ಅಕ್ಕ ಸಾರಿನ ಬಕೆಟ್ಟು ಹಿಡಿದು ಬಡಿಸುತ್ತಿದ್ದಳು. ತುಂಬ ಇಳಿದುಹೋಗಿದ್ದಾಳೆ. ನನ್ನನ್ನು ನೋಡಿಯೂ ಸಾಲಿನ ಕೊನೆಯವರೆಗೆ ಬಡಿಸಿ ಬಂದಳು.

"ಎಲ್ಲಿ ಮಾಡಬೇಕ್ರಿ ಸಹಿ?"

ಮಕ್ಕಳ ಮುಂದೆ ಬಹುವಚನದಲ್ಲಿ ಮಾತಾಡುವ ರೂಢಿ ಇರಬೇಕು. ಛಾಪಾ ಕಾಗದ ಬಿಚ್ಚಿ ತೋರಿಸಿದೆ. ಸೆರಗಿಗೆ ಕೈ ಒರೆಸಿಕೊಂಡು, ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ಒಂದಕ್ಷರವನ್ನೂ ಓದದೆ ಸಹಿ ಮಾಡಿದಳು. ನೋಂದಣಿಯ ದಿನ ಒಮ್ಮೆ ಬರಬೇಕಾಗುತ್ತದೆ ಎಂದೆ.

"ತಾರೀಖು ತಿಳಸ್ರಿ. ಬಂದು ಹೋಗ್ತೀನಿ."

ಆರೋಗ್ಯ ಹೇಗಿದೆ ಎಂದು ಕೇಳುವುದರಲ್ಲಿದ್ದೆ. ಅಷ್ಟರಲ್ಲಿ ಅಡುಗೆಯ ಅನ್ನದಾನಮ್ಮ ತಟ್ಟೆ ಹಿಡಿದುಕೊಂಡು ಬಂದಳು. "ಯಾರ್ರೀ ಟೀಚರ್ ಇವರು? ನಿಮ್ಮ ಕಡೆಯೋರೇನು? ಊಟಕ್ಕ ತಾಟು ಇಡಲೇನ್ರಿ?"

"ಅಲ್ಲವ್ವ," ಅಂದಳು ಅಕ್ಕ. "ಬ್ಯಾಂಕಿನ ಕೆಲಸಕ್ಕ ಬಂದಾರ. ಹೊಂಟರು."

ಬಕೆಟ್ಟು ಎತ್ತಿಕೊಂಡು ಎರಡನೆಯ ಸಾಲಿಗೆ ಹೋದಳು. ನಾನು ಸ್ವಲ್ಪ ಹೊತ್ತು ನಿಂತಿದ್ದೆ. ನಿಜ ಹೇಳಬೇಕೆಂದರೆ ಅವಳು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ, ನಾನು ಹೋದದ್ದು ಬ್ಯಾಂಕಿನ ಕೆಲಸಕ್ಕೇ. ಅಡುಗೆಯವಳಿಗೆ ಅದಕ್ಕಿಂತ ಹೆಚ್ಚಿನ ವಿವರ ಯಾಕೆ? ಸಹಿ ಸರಿಯಾಗಿ ಬಿದ್ದಿದೆ. ಬಸ್ಸಿನಲ್ಲಿ ಮತ್ತೆ ಮತ್ತೆ ತೆಗೆದು ನೋಡಿದೆ.